ಕಿತ್ತಳೆ ಎಸೆತ

1998 ನವೆಂಬರ್ 14, ಶನಿವಾರ
ಎಂಟನೇ ಇನ್ನಿಂಗ್ಸ್ ಮುಗಿಯುವ ಮೊದಲೇ ಬೇಸ್‌ಬಾಲ್ ಮೈದಾನದ ಅಂಚಿನ ಎಸೆತಗಾರರ ಶೆಡ್ಡಿಗೆ ಫೋನ್. ಎತ್ತಿದೆ. ಆ ಕಡೆಯಿಂದ ಮ್ಯಾನೇಜರ್‌ದು ಒಂದೇ ಮಾತು — ‘ಕಾಡಿಯೊ.’ ಚೆಂಡು ಕೊಟ್ಟೆ. ಮೈ ಬಿಸಿಯಾಗಲು ಹನ್ನೆರಡು ಎಸೆದ, ಟೋಪಿ ಸರಿಮಾಡಿಕೊಂಡ, ಹೋದ. ಕೊನೆಯದಾದ ಒಂಬತ್ತನೆಯದರಲ್ಲಿ ಮೂವರು ಬ್ಯಾಟು ಹಿಡಿದು ಬಂದರು. ಮೂವರೂ ಗಾಳಿಗೆ ಬೀಸಿ ಔಟಾಗಿ ಹೊರಟರು. ಪಂದ್ಯ ನಮ್ಮದು. ಎಂಟು ಇನ್ನಿಂಗ್ಸ್ ಚೆಂಡೆಸೆದು ಬೆವರು ಸುರಿಸಿದ ಪಿಚರ್ ಹೆಸರು ಯಾರ ಬಾಯಲ್ಲೂ ಇಲ್ಲ. ಇಡೀ ಬಾರಾವೋನಾ ಊರು ಕೂಗಿದ್ದು ಲಿಯೊಕಾಡಿಯೊ ಫೆರೆರಾಸ್ ಎಂದು. ಹತ್ತು ನಿಮಿಷದ ಕೆಲಸಕ್ಕೆ.

ಮೂರು ವರ್ಷದ ಹಿಂದೆ ಆ ಎಂಟು ಇನ್ನಿಂಗ್ಸ್ ನನ್ನವು. ಈಗ ಭುಜ... ಡಾಕ್ಟರು ಈ ಸೀಸನ್ನೂ ಬೇಡ ಎಂದಿದ್ದಾರೆ. ಮುಂದಿನದಕ್ಕೆ ಸರಿಹೋಗುತ್ತದೆ. ಅಲ್ಲಿಯವರೆಗೆ ಫೋನ್ ಎತ್ತುವುದು, ಅವನನ್ನು ತಯಾರು ಮಾಡಿ ಕಳಿಸುವುದು.

1998 ನವೆಂಬರ್ 22
ಬೆಳಿಗ್ಗೆ ತಿಂಡಿಗೆ ಕೂತಾಗ ರೇಡಿಯೊದಲ್ಲಿ ಅವನ ಸಂದರ್ಶನ. ಆ ಎಸೆತ ಎಲ್ಲಿ ಕಲಿತೆ ಎಂದು ಕೇಳಿದರು. ಬ್ಯಾಟಿನವರೆಗೆ ನೆಟ್ಟಗೆ ಬಂದು, ಕೊನೆಯ ಗಳಿಗೆಯಲ್ಲಿ ಮೊಣಕಾಲಿಗೆ ಕುಸಿಯುವ ಎಸೆತ. ನಕ್ಕ. ‘ಅಜ್ಜಿ ಹಿತ್ತಲಲ್ಲಿ ಕಿತ್ತಳೆ ಎಸೀತಾ ಎಸೀತಾ ತಾನಾಗಿ ಬಂತು.’

ಚಮಚ ಕೆಳಗಿಟ್ಟೆ.

ಸುಳ್ಳು. ನಾಲ್ಕು ವರ್ಷದ ಹಿಂದೆ ತಂಡದಿಂದ ತೆಗೆದೇ ಹಾಕುವವರಿದ್ದರು ಅವನನ್ನು. ವೇಗ ಬಿಟ್ಟರೆ ಏನೂ ಇರಲಿಲ್ಲ. ಒಂದೇ ಬೀದಿಯವನು, ನನ್ನ ಮಗಳು ಇರಿಸ್‌ಳ ಜ್ಞಾನಸ್ನಾನದ ದಿನ ಅವಳನ್ನು ಎತ್ತಿಕೊಂಡು ನಿಂತವನು, ಅಂದಿನಿಂದ ನಾನೂ ಅವನೂ ಒಬ್ಬರಿಗೊಬ್ಬರು ‘ಕೊಂಪಾ’. ಕನಿಕರ ಬಂತು. ಉಪ್ಪಿನ ಗೋದಾಮಿನ ಹಿಂದೆ ನಾಲ್ಕು ದಿನ ಬೆಳಿಗ್ಗೆ ನಿಲ್ಲಿಸಿಕೊಂಡು ಕಲಿಸಿದೆ. ನಡುಬೆರಳು ಚೆಂಡಿನ ಹೊಲಿಗೆಯಿಂದ ಮೇಲೆ, ಹೆಬ್ಬೆರಳು ಮಡಚಿ ಕೆಳಗೆ. ನನ್ನದೇ ಎಸೆತ.

ಹೆಂಡತಿ ಮಿಲ್ಕೆಯಾ ಅಂದಳು, ‘ಹೋಗಿ ಅವನನ್ನೇ ಕೇಳಿ ಬಾ, ಯಾಕಪ್ಪಾ ಹಿಂಗಂದೆ ಅಂತ.’
‘ನಾನ್ಯಾಕೆ ಕೇಳ್ಲಿ? ಭಿಕ್ಷೆ ಬೇಡೋಕಾ?’
‘ಬೇಡ್ಬೇಡ. ಆದ್ರೆ ಊಟ ತಿಂಡಿ ಹೊತ್ತಲ್ಲಿ ನನ್ನ ಮೇಲೆ ಮುಖ ಗಂಟು ಹಾಕ್ಬೇಡ.’

1999 ಫೆಬ್ರವರಿ 9
ಅವನನ್ನು ಅಮೆರಿಕದವರು ಕರೆಸಿಕೊಂಡರು. ವಿಮಾನ ನಿಲ್ದಾಣಕ್ಕೆ ಅರ್ಧ ಊರು. ನನಗೆ ಜ್ವರ ಎಂದೆ.

2001 ಅಕ್ಟೋಬರ್ 30
ಕ್ಷೌರದಂಗಡಿಯ ಟಿವಿಯಲ್ಲಿ ಅಮೆರಿಕದಿಂದ ಅವನ ಪಂದ್ಯ. ಕೊನೆಯ ಎಸೆತಕ್ಕೆ ಕುರ್ಚಿಯಲ್ಲಿದ್ದವರೆಲ್ಲ ಎದ್ದು ನಿಂತರು. ಅರ್ಧ ಗಡ್ಡ ಬೋಳಿಸಿಕೊಂಡವನೂ ಎದ್ದ. ‘ಕಿತ್ತಳೆ! ಕಿತ್ತಳೆ!’ ಎಸೆತಕ್ಕೆ ಹೆಸರೂ ಬಿದ್ದಿದೆ. ಅಲ್ಲಿನ ಬಿಳಿಯರೂ ಹಾಗೇ ಕರೆಯುತ್ತಾರಂತೆ.

ಕ್ಷೌರಿಕ ನನ್ನ ಕುತ್ತಿಗೆಯ ಮೇಲೆ ಕತ್ತಿ ಇಟ್ಟುಕೊಂಡೇ ಕೇಳಿದ — ‘ನೆರೆಯೊ, ಅವನಿಗೆ ಫೋನ್ ಎತ್ತಿ ಕೊಡ್ತಿದ್ದವನು ನೀನೇ ಅಲ್ವಾ?’
ಎಲ್ಲರೂ ನಕ್ಕರು. ನಾನೂ ನಕ್ಕೆ. ಕತ್ತಿ ಕುತ್ತಿಗೆಯ ಮೇಲಿತ್ತಲ್ಲ.

2001 ಡಿಸೆಂಬರ್ 18
ಚಳಿಗಾಲದ ಪಂದ್ಯಗಳಿಗೆ ಬಂದಿದ್ದಾನೆ. ದಪ್ಪಗಾಗಿರಲಿ ಎಂದು ಆಸೆಪಟ್ಟಿದ್ದೆ. ಆಗಿಲ್ಲ. ಇರಿಸ್‌ಗೆ ಗಡಿಯಾರ ತಂದಿದ್ದಾನೆ. ನನ್ನನ್ನು ಬಿಗಿಯಾಗಿ ಅಪ್ಪಿಕೊಂಡು, ‘ಭುಜ ಹೇಗಿದೆ ಕೊಂಪಾ?’ ಎಂದ.
‘ಪರವಾಗಿಲ್ಲ. ಬರೋ ಸೀಸನ್‌ಗೆ ಎಸೀತೀನಿ.’
ತಲೆಯಾಡಿಸಿದ. ಇವನ ಕನಿಕರ ಯಾರಿಗೆ ಬೇಕು.

ಸಂಜೆ ಅವನು ಎಸೆಯುವಾಗ ಬೇಡಿಕೊಂಡೆ — ಒಂದಾದರೂ ಕುಸಿಯದಿರಲಿ. ಎರಡನೆಯ ಎಸೆತ ಕುಸಿಯಲಿಲ್ಲ. ಬ್ಯಾಟಿಗೆ ಸಿಕ್ಕ ಚೆಂಡು ಬೇಲಿ ದಾಟಿ ತೆಂಗಿನ ಮರಗಳ ಕಡೆ ಹೋಯಿತು. ಸೋತೆವು. ನನ್ನ ತಂಡ. ಎಷ್ಟೋ ದಿನದ ನಂತರ ಚೆನ್ನಾಗಿ ನಿದ್ದೆ ಬಂತು.

2006 ಮಾರ್ಚ್ 2
ನಾಲ್ಕು ವರ್ಷದ ಮೇಲಾಯಿತು, ಏನೂ ಬರೆದಿಲ್ಲ. ಬರೆಯಲು ಏನಿತ್ತು? ಕೊನೆಯಲ್ಲಿ ಬಂದು ಮುನ್ನೂರನೆಯ ಗೆಲುವು ಉಳಿಸಿದ ದಾಖಲೆ ಅವನದು, ಅವನದು ಹೊಸ ಮನೆ, ಅವನದು ಅಧ್ಯಕ್ಷರ ಜೊತೆ ಫೋಟೊ. ಇವತ್ತು ಸಮುದ್ರದ ಕಡೆಯ ಗೋಡೆಯ ಮೇಲೆ ಅವನ ಚಿತ್ರ ಬರೆದು ಮುಗಿಸಿದರು. ಮೂರಾಳೆತ್ತರ. ಕೈಯಲ್ಲಿ ಚೆಂಡಿಲ್ಲ, ಕಿತ್ತಳೆ ಇದೆ.

ಬೆರಳಿನ ಹಿಡಿತ ಮಾತ್ರ ಸರಿಯಾಗಿದೆ. ಚಿತ್ರಕಾರ ಚೆನ್ನಾಗಿ ನೋಡಿದ್ದಾನೆ. ನನ್ನ ಬೆರಳುಗಳು.

ನಾಳೆಯಿಂದ ಹಿಂದಿನ ಬೀದಿಯಲ್ಲಿ ಸುತ್ತಿಕೊಂಡು ಹೋಗುವುದು.

2008 ಡಿಸೆಂಬರ್ 29
ಅವನಿಗೆ ನಿವೃತ್ತಿಯಂತೆ. ಕೊನೆಯ ಪಂದ್ಯ ಇಲ್ಲೇ, ಜನವರಿ ಆರು, ಕ್ರಿಸ್‌ಮಸ್ ಮುಗಿಸುವ ಮೂವರು ರಾಜರ ಹಬ್ಬದ ದಿನ. ಪತ್ರಿಕೆಯ ಸುಲೇಮಾ ಮನೆಗೆ ಬಂದಿದ್ದಳು. ಒಳ್ಳೆಯ ಹುಡುಗಿ, ಕಾಫಿಗೆ ಸಕ್ಕರೆ ಬೇಡ ಎಂದಳು. ‘ನಿಮ್ಮ ನೆನಪುಗಳು ಏನಾದ್ರೂ ಇದ್ರೆ ಹೇಳಿ ಸರ್, ನಾಲ್ಕು ಸಾಲು ಸಾಕು.’

ನಾಲ್ಕು ಸಾಲು.

ಎರಡು ಗಂಟೆ ಮಾತಾಡಿದೆ. ಉಪ್ಪಿನ ಗೋದಾಮು, ನಾಲ್ಕು ಬೆಳಿಗ್ಗೆ, ಬೆರಳು, ಎಲ್ಲಾ. ಅವಳು ಹೊರಟ ಮೇಲೆ ಮಿಲ್ಕೆಯಾ ಲೋಟ ತೊಳೆಯುತ್ತಾ ನಿಂತಳು. ತೊಳೆದದ್ದನ್ನೇ ಮತ್ತೆ ತೊಳೆದಳು.

2009 ಜನವರಿ 3
ಮೊದಲ ಪುಟ. ‘ಕಿತ್ತಳೆಯ ಕಥೆ ಸುಳ್ಳು.’ ನನ್ನ ಹಳೆಯ ಫೋಟೊ, ತಲೆತುಂಬ ಕೂದಲು. ರೇಡಿಯೊಗೆ ಫೋನ್ ಮೇಲೆ ಫೋನ್ — ಕಳ್ಳ, ಗುರುದ್ರೋಹಿ, ಸುಳ್ಳಿಗೆ ಅಜ್ಜಿಯನ್ನೂ ಬಿಡಲಿಲ್ಲ ನೋಡಿ. ಬೀದಿಯಲ್ಲಿ ಜನ ನಿಲ್ಲಿಸಿ ಕೈ ಕುಲುಕಿದರು. ಕ್ಷೌರಿಕನೂ.

ಮಧ್ಯಾಹ್ನದವರೆಗೆ ಹಿತವಾಗಿತ್ತು. ಆಮೇಲೆ ಗೊತ್ತಾಯಿತು, ಅವನ ತಾಯಿ ಫೇಲಾ ಇವತ್ತು ಪ್ರಾರ್ಥನೆಗೆ ಹೋಗಿಲ್ಲ. ಬಾಗಿಲು ಹಾಕಿಕೊಂಡಿದ್ದಾಳೆ. ನನಗೆ ಎಷ್ಟು ವರ್ಷ ಊಟ ಹಾಕಿದ ಮನೆ ಅದು.

2009 ಜನವರಿ 4, ಭಾನುವಾರ
ಅವನೇ ಬಂದ. ಜಗಳಕ್ಕೆ ತಯಾರಾಗಿದ್ದೆ. ನೇರ ಅಡುಗೆಮನೆಗೆ ನಡೆದು ಕೂತ. ಮಿಲ್ಕೆಯಾ ಬೇಯಿಸಿ ಅರೆದ ಬಾಳೆಕಾಯಿ, ಮೇಲೆ ಈರುಳ್ಳಿ ಹಾಕಿ ಮುಂದಿಟ್ಟಳು. ತಿಂದ. ಆಮೇಲೆ —

‘ಕೊಂಪಾ, ನೀನೇ ಅಲ್ವಾ ಆಣೆ ಹಾಕಿಸಿದ್ದು?’
‘ಏನು ಆಣೆ?’
‘ಗೋದಾಮಿನ ಹಿಂದೆ. ದೇವಮಾತೆ ಮೇಲೆ. ಈ ಎಸೆತ ನನ್ನ ಅನ್ನ, ನಾನು ಆಡೋದು ಬಿಡೋವರೆಗೂ ಯಾರ ಹತ್ರಾನೂ ಬಾಯಿ ಬಿಡಕೂಡದು ಅಂದೆ ನೀನು. ಜನ ಕೇಳ್ತಾನೇ ಇದ್ರು. ಏನಾದ್ರೂ ಹೇಳ್ಬೇಕಿತ್ತು. ಅಜ್ಜಿ ಕಥೆ ಕಟ್ಟಿದೆ.’
‘ಲೇ, ನಾನು ಬಿಟ್ಟು ಹದಿಮೂರು ವರ್ಷ ಆಯ್ತಲ್ಲೋ.’
‘ಬಿಟ್ಟೆ ಅಂತ ಯಾವತ್ತು ಹೇಳಿದೀಯ? ಪ್ರತಿ ವರ್ಷ ಬಂದಾಗ್ಲೂ ಮೊದ್ಲು ಭುಜಾನೇ ಕೇಳ್ತಿದ್ದೆ. ಬರೋ ಸೀಸನ್‌ಗೆ ಎಸೀತೀನಿ ಅಂತಿದ್ದೆ ನೀನು. ಇಲ್ಲ ಕೊಂಪಾ, ನಿಂದು ಮುಗೀತು ಅಂತ ನಾನು ಹೇಳ್ಲಾ? ನನ್ನ ಬಾಯಲ್ಲಿ?’

ಮಿಲ್ಕೆಯಾ ಬೆನ್ನು ತಿರುಗಿಸಿ ನಿಂತಿದ್ದಳು.

‘ಪೇಪರ್‌ನೋರಿಗೆ ಇದನ್ನ ಹೇಳಿದೀಯಾ?’ ಎಂದೆ.
‘ಇಲ್ಲ. ಹೇಳೋದೂ ಇಲ್ಲ. ಅಮ್ಮನಿಗೆ ಮಾತ್ರ ಹೇಳ್ದೆ.’ ತಟ್ಟೆ ತಾನೇ ತೊಳೆದಿಟ್ಟು ಹೋದ.

2009 ಜನವರಿ 5
ಮಂಚದ ಕೆಳಗಿನ ಪೆಟ್ಟಿಗೆ. 1994ರ ದಿನಚರಿ ಪುಸ್ತಕ. ಇದೆ. ನನ್ನದೇ ಅಕ್ಷರ — ‘ಕಾಡಿಯೊಗೆ ತೋರಿಸಿದೆ. ಆಣೆ ಮಾಡಿಸಿದೆ.’

ಅಂದರೆ ಇಷ್ಟು ವರ್ಷ ನನ್ನಲ್ಲಿ ಉಳಿದಿದ್ದ ಒಂದು ಸಿಟ್ಟು, ಅದೂ ನನ್ನದಲ್ಲ. ಅದನ್ನೂ ಅವನು ಗೆದ್ದುಕೊಂಡ. ಸುಳ್ಳುಗಾರ ಆಗಿದ್ದರೆ ಎಷ್ಟು ಚೆನ್ನಾಗಿತ್ತು. ಕೊಟ್ಟ ಮಾತು ಇಟ್ಟುಕೊಂಡವನ ಮೇಲೆ ಹೊಟ್ಟೆ ಉರಿದುಕೊಂಡು ಬದುಕುವುದು ಹೇಗೆ? ಉರಿಯುತ್ತಲೇ ಇದೆ. ಕಡಿಮೆಯಾಗಿಲ್ಲ.

ಸಂಜೆ ಸುಲೇಮಾಗೆ ಫೋನ್ ಮಾಡಿದೆ. ಪುಸ್ತಕ ತೋರಿಸುತ್ತೇನೆ ಎಂದೆ. ಪತ್ರಿಕೆ ನಾಡಿದ್ದಿಗೆ ಬರುತ್ತದೆ, ಅಷ್ಟರಲ್ಲಿ ಪಂದ್ಯ ಮುಗಿದಿರುತ್ತದೆ, ಜನ ಅವನನ್ನು ಅಣಕಿಸಿ ಕಳಿಸಿರುತ್ತಾರೆ. ಅವಳೇ ಮಾತಾಡಿ ಮೈದಾನದ ಮೈಕ್ ಕೊಡಿಸಿದ್ದಾಳೆ. ಪಂದ್ಯಕ್ಕೆ ಮೊದಲು, ಎರಡು ನಿಮಿಷ.

2009 ಜನವರಿ 6, ಮಧ್ಯಾಹ್ನ 2
ಮೈದಾನದ ಕಾರು ಮೂರಕ್ಕೆ. ಇಸ್ತ್ರಿ ಅಂಗಿ. ಹೇಳಬೇಕಾದ್ದನ್ನು ಬರೆದುಕೊಂಡೆ, ಮಿಲ್ಕೆಯಾ ಮುಂದೆ ಓದಿ ತೋರಿಸುತ್ತಿದ್ದೇನೆ. ಆಣೆಯ ಮಾತು ಸಲೀಸಾಗಿ ಬರುತ್ತದೆ. ಅವನು ತಪ್ಪು ಮಾಡಿಲ್ಲ ಎನ್ನುವುದೂ ಬರುತ್ತದೆ, ಹಲ್ಲು ಕಚ್ಚಿಕೊಂಡಾದರೂ. ಮೊದಲ ವಾಕ್ಯವೇ ಆಗುತ್ತಿಲ್ಲ. ಮೂರು ಸಲ ನಿಂತೆ.

‘ಹೇಳು,’ ಅಂದಳು. ಎದುರಿಗೆ ಸ್ಟೂಲ್ ಎಳೆದುಕೊಂಡು ಕೂತಿದ್ದಾಳೆ. ‘ನಾನೊಬ್ಳೇ ಇರೋದು. ಹೇಳು.’

ಬರೆದು ನೋಡುತ್ತೇನೆ. ಕೈಯಾದರೂ ಹೇಳಲಿ.

ನಾನು ನೆರೆಯೊ ಕ್ವೆವಾಸ್. ನಾನು ಆಟ ಬಿಟ್ಟು —