ಅವ್ವ ಕೂತು ತೋರಿಸ್ತಾಳೆ

ಉತ್ತಮಪಾಳಯಂ
1-10-1998, ಗುರುವಾರ ಮಧ್ಯಾಹ್ನ

ಅಕ್ಕಾ,

ನಾನು ಬೇಕಂತ ಮುರೀಲಿಲ್ಲ. ಮುರಿದೆ ಅಂತ ನೀನು ಬಾಯ್ಬಿಟ್ಟು ಅನ್ನಲಿಲ್ಲ, ಸರಿ. ನಿನ್ನೆ ಕ್ಲಾಸ್ ನಡೆಯೋ ಹಾಲ್‌ನಲ್ಲಿ ನನ್ನ ಕಡೆ ಒಂದು ನೋಟ ನೋಡ್ದೆಯಲ್ಲ, ಸಂಜೆ ಅನ್ನ ಬಡಿಸಿ ಮಾತಿಲ್ದೆ ಎದ್ದು ಹೋದೆಯಲ್ಲ, ಅದಕ್ಕೆ ಉತ್ತರ ಇದು. ನೀನು ದಿಂಡುಕಲ್ಲಲ್ಲಿ ಟ್ರೈನಿಂಗಿಗೆ ಇದ್ದ ಎರಡು ತಿಂಗಳೂ ಕಾಗದ ಬರಿ ಬರಿ ಅಂತ ಕೇಳ್ದೆ. ಒಂದೂ ಬರೀಲಿಲ್ಲ, ತಪ್ಪು ನಂದೇ. ಇವತ್ತು ಬರೀತೀನಿ. ಅಕ್ಷರ ತಮಿಳು, ಮಾತು ನಮ್ಮನೇ ಕನ್ನಡ. ನಿನ್ನ ಮೇಷ್ಟ್ರುಗಳು, ಆ ವಾತ್ತಿಯಾರುಗಳ ಕೈಗೆ ಸಿಕ್ಕಿದ್ರೂ ಅವರಿಗೆ ತಿಳಿಯಲ್ಲ.

ಸ್ಕೂಲ್ ವಾತ್ತಿಯಾರುಗಳಿಗೆ ಡಿಸೈನ್ ಥಿಂಕಿಂಗ್ ಹೇಳ್ಕೊಡ್ತೀನಿ, ಅವರು ಪೇಪರಲ್ಲಿ ಗೀಚಿದ್ದನ್ನ ಮರದಲ್ಲಿ ಮಾಡಿಕೊಡೋಕೆ ನೀನೇ ಬೇಕು ಅಂತ ಬೋಡಿಯಿಂದ ನನ್ನ ಕರೆಸಿದವಳು ನೀನು. ಅಂಗಡಿಗೆ ಬೀಗ ಹಾಕಿ ಬಂದೆ. ಸೋಮವಾರ ಬೋರ್ಡ್ ಮೇಲೆ ನೀನು ದೊಡ್ಡದಾಗಿ ಬರೆದೆ: ಬಳಸೋರನ್ನ ಮೊದಲು ಕೇಳಿ, ಆಮೇಲೆ ಮಾಡಿ, ಮಾಡಿದ್ದನ್ನ ಅವರ ಕೈಗೆ ಕೊಟ್ಟು ನೋಡಿ, ಕೆಟ್ಟರೆ ಇನ್ನೊಂದು ಸಲ ಮಾಡಿ. ಮಕ್ಕಳಿಗೂ ಹಿಂಗೇ ಕಲಿಸಿ ಅಂದೆ. ಬಾಗಲ ಹತ್ರ ಕೂತು ಕೇಳ್ತಿದ್ದೆ ನಾನು. ನಿಜ ಹೇಳ್ತೀನಿ, ಹೆಮ್ಮೆ ಆಯ್ತು. ನಮಗೆ ಯಾರಾದ್ರೂ ಹಿಂಗೆ ಹೇಳ್ಕೊಟ್ಟಿದ್ರೆ ಎಂಟನೇ ಕ್ಲಾಸಿಗೇ ಸ್ಕೂಲ್ ಬಿಡ್ತಿರಲಿಲ್ಲ ಅನ್ನಿಸ್ತು.

ಮಂಗಳವಾರ ಗೋವಿಂದನ್ ಹೆಡ್‌ಮಾಸ್ಟರ್ ಗುಂಪು, ಏಲಕ್ಕಿ ಕೀಳೋ ಹೆಂಗಸರಿಗೆ ಬುಟ್ಟಿ ಮಾಡ್ತೀವಿ ಅಂತು. ಯಾರನ್ನ ಕೇಳಿದ್ರು? ಯಾರನ್ನೂ ಇಲ್ಲ. ಬೋಡಿಮೆಟ್ಟಿಗೆ ಬಸ್ಸಲ್ಲಿ ಹೋಗೋವಾಗ ಕಿಟಕಿಯಿಂದ ಟೀ ಎಲೆ ಕೀಳೋರನ್ನ ನೋಡವ್ರೆ, ಏಲಕ್ಕೀನೂ ಹಂಗೇ ನಿಂತ್ಕೊಂಡು ಕೀಳ್ತಾರೆ ಅಂದ್ಕೊಂಡವ್ರೆ. ಬೆನ್ನಿಗೆ ಕಟ್ಟೋ ಉದ್ದನೆ ಬುಟ್ಟಿ, ಸುತ್ತ ಮರದ ಚೌಕಟ್ಟು, ಮೇಲೊಂದು ಮುಚ್ಚಳ. ಏಲಕ್ಕಿ ಬಿಡೋದು ಗಿಡದ ಬುಡದಲ್ಲಿ, ಮಣ್ಣಿಗೆ ತಾಕ್ಕೊಂಡು. ಕುಕ್ಕರಗಾಲಲ್ಲಿ ಕೂತು, ಒಂದೊಂದೇ ಕಿತ್ತು ಸೊಂಟಕ್ಕೆ ಕಟ್ಟಿದ ಚೀಲಕ್ಕೆ ಹಾಕ್ಬೇಕು. ಇದು ನಿಂಗೆ ಗೊತ್ತು. ಇಪ್ಪತ್ತು ವರ್ಷದಿಂದ ನಮ್ಮವ್ವ ಜೀಪಲ್ಲಿ ಬೆಟ್ಟದ ಮೇಲಿನ ತೋಟಕ್ಕೆ ಹೋಗಿ ಮಾಡೋ ಕೆಲಸ ಅದೇ.

ನಿನ್ನ ಹತ್ರ ಬಂದು ಮೆಲ್ಲಗೆ ನಮ್ಮ ಮಾತಲ್ಲೇ ಹೇಳ್ದೆ, "ಅಕ್ಕಾ, ಇದು ಆಗಲ್ಲ, ಅವ್ವನ್ನ ಒಂದು ಮಾತು ಕೇಳಣ." ನೀನು ತಮಿಳಲ್ಲಿ, ಎಲ್ಲರಿಗೂ ಕೇಳೋ ಹಂಗೆ, "ಆಸಾರಿ, ಸಾರ್ ಹೇಳಿದ ಅಳತೆಗೆ ಮಾಡಿಕೊಡಿ, ಸಾಕು."

ಮರಗೆಲಸದ ಆಸಾರಿ ನಾನು, ಇಲ್ಲ ಅನ್ನಲ್ಲ. ಸ್ವಂತ ತಮ್ಮನಿಗೆ 'ಮಾಡಿಕೊಡಿ' ಅಂತ ಮರ್ಯಾದೆ ಬೇರೆ.

ಮಾಡ್ದೆ. ಒಂದು ನೂಲು ಅಳತೆ ತಪ್ಪದಂಗೆ ಮಾಡ್ದೆ. ನಿನ್ನೆ, ಯಾರಾದ್ರೂ ಹಾಕ್ಕೊಂಡು ನೋಡಿ ಅಂದೆ ನೀನು. ಉಟ್ಟ ವೇಷ್ಟಿ ಮುದುರುತ್ತೆ ಅಂತ ಇಪ್ಪತ್ತೈದು ಜನದಲ್ಲಿ ಒಬ್ರೂ ಏಳಲಿಲ್ಲ. ನಾನು ಹಾಕ್ಕೊಂಡೆ, ಅವ್ವ ಕೂರೋ ಹಂಗೆ ಕೂತೆ. ಬುಟ್ಟಿ ಅಡಿ ನೆಲಕ್ಕೆ ಬಡಿದು ಚೌಕಟ್ಟು ಸೀಳ್ತು, ಮುಚ್ಚಳ ನನ್ನ ತಲೆ ಮೇಲೇ ಬಿತ್ತು. ಅವರು ನಕ್ರು, ನಾನೂ ನಕ್ಕೆ. ಅಲ್ಲೀಗಂಟ ಸರೀನೇ. ಆಮೇಲೆ ಗೋವಿಂದನ್ ಎದ್ರು. "ಕಕ್ಕಸಿಗೆ ಕೂತಂಗೆ ಕೂತು ಯಾರಪ್ಪ ಏಲಕ್ಕಿ ಕೀಳ್ತಾರೆ? ಬೇಕಂತ ಮುರಿದವ್ನೆ. ಏನಮ್ಮಾ ಸರಸು, ಹಿಂಗೆ ಕೂತು ಕೀಳೋರನ್ನ ನೀನು ಎಲ್ಲಾದ್ರೂ ನೋಡಿದೀಯಾ?"

ನೀನು ಕಾಲ್ಬೆರಳು ನೋಡ್ದೆ.

ತಪ್ಪನ್ನ ಅವರೇ ಕಂಡ್ಕೊಳ್ಳಲಿ, ಅದೇ ಪದ್ಧತಿ ಅಂತೀಯ. ಒಪ್ಪಿದೆ. ಚೌಕಟ್ಟು ಸೀಳಿದ ಮೇಲಾದ್ರೂ ಹೇಳ್ಬೇಕಿತ್ತಲ್ಲ? "ನೋಡಿದೀನಿ ಸಾರ್, ನಮ್ಮವ್ವನ್ನೇ" ಅಂದಿದ್ರೆ ನಿನ್ನ ಕೆಲಸ ಹೋಗ್ತಿತ್ತಾ? ಈಗ ಅವರು ಇಪ್ಪತ್ತೈದು ಸ್ಕೂಲಿಗೆ ಹೋಗಿ ಮಕ್ಕಳಿಗೆ ಇದನ್ನೇ ಕಲಿಸ್ತಾರೆ. ಕೇಳದೆ ಮಾಡು, ಮುರಿದ್ರೆ ಆಸಾರಿ ಮೇಲೆ ಹಾಕು.

ಶನಿವಾರ ಕಡೇ ದಿನ. ಮೊದಲ ಬಸ್ಸಿಗೆ ಅವ್ವನ್ನ ಕರ್ಕೊಂಡು ಬರ್ತೀನಿ. ಒಳ್ಳೆ ಸೀರೆ ಉಟ್ಕೊ ಅನ್ನಲ್ಲ. ಸೀರೆ ಮೇಲೆ ಅಪ್ಪನ ಹಳೇ ಶರ್ಟು, ಸೊಂಟಕ್ಕೆ ಚೀಲ, ದಿನಾ ಜೀಪ್ ಹತ್ತೋ ಹಂಗೇ ಬರ್ತಾಳೆ. ಹಾಲ್ ಮಧ್ಯದಲ್ಲಿ ಕೂತು ತೋರಿಸ್ತಾಳೆ. ಹೆಸರು ಮೂಕಮ್ಮಾಳ್ ಅಂತ ಮಾತ್ರ ನಾನು ಹೇಳ್ತೀನಿ. ಯಾರವ್ವ ಅನ್ನೋದು ನಿನ್ನ ಬಾಯಿಂದ ಬರ್ಲಿ. ಬರ್ದಿದ್ರೂ ಬುಟ್ಟಿ ಹೆಂಗಿರ್ಬೇಕು ಅಂತ ಅವಳು ಹೇಳೇ ಹೋಗೋದು, ಅಲ್ಲೇ ಕೂತು ನಾನು ಇನ್ನೊಂದು ಮಾಡೇ ಏಳೋದು. ಗೋವಿಂದನ್ ಬೇಡ ಅಂದ್ರೂ ಸರಿ, ನೀನು ಬೇಡ ಅಂದ್ರೂ ಸರಿ.

ಅವ್ವನ ಮೊಣಕಾಲು ನೋವು ಜಾಸ್ತಿ ಆಗಿದೆ, ನಿಂಗೆ ಹೇಳ್ಬೇಡ ಅಂದಿದ್ಲು. ಹೇಳ್ಬಿಟ್ಟೆ. ಹೊತ್ತಿಗೆ ಸರಿಯಾಗಿ ಉಣ್ಣು, ಒಣಗಿದೀಯ. ಪಳನಿ ಮುರುಗ ಶನಿವಾರ ನಿನ್ನ ನಾಲಿಗೆ ಮೇಲೆ ನಿಲ್ಲಲಿ.

ನಿನ್ನ ತಮ್ಮ
ಅಯ್ಯಾವು

ಇನ್ನೊಂದು. ಗೋವಿಂದನ್‌ಗೆ ನನ್ನ ಗುರುತು ಸಿಗಲಿಲ್ಲ. ಹತ್ತು ವರ್ಷ ಆಯ್ತು, ಮೀಸೆ ಬಂದಿದೆ. ಎಂಟನೇ ಕ್ಲಾಸಲ್ಲಿ ನಾನು ಸಣ್ಣ ಏಲಕ್ಕಿ ದೊಡ್ಡ ಏಲಕ್ಕಿ ಬೇರೆ ಮಾಡೋ ಜರಡಿ ಮಾಡ್ಕೊಂಡು ಹೋದಾಗ, ತೋಟದಿಂದ ಕದ್ದಿದ್ದು ಅಂತ ಬೆತ್ತ ತಗೊಂಡವರು ಇವರೇ. ಹತ್ತನೇ ಕ್ಲಾಸಿಂದ ನಿನ್ನ ಕರೆಸಿ, ಇದನ್ನ ಇವ್ನು ಮಾಡ್ದನಾ ಅಂತ ಕೇಳಿದ್ರು. ಅದರ ಬಲೆ ಹೊಲಿದವಳು ನೀನು. ಸೂಜಿ ಚುಚ್ಚಿ ನಿನ್ನ ಬೆರಳಲ್ಲಿ ರಕ್ತ ಬಂದಿತ್ತು. ಅವತ್ತೂ ಕಾಲ್ಬೆರಳು ನೋಡ್ದೆ. ಬೆತ್ತಕ್ಕೆ ಹೆದರಿ ಸ್ಕೂಲ್ ಬಿಟ್ಟ ಅಂತ ಅವ್ವ ಇವತ್ತಿಗೂ ಅಂದ್ಕೊಂಡವ್ಳೆ. ಬೆತ್ತಕ್ಕಲ್ಲ ಅಕ್ಕಾ.

ನಿನ್ನ ಬಾಗಲು ಅಡಿ ಉಜ್ತಿತ್ತು. ಒಂದು ವರ್ಷದಿಂದ ಕಾಲಲ್ಲಿ ಎತ್ತಿ ಎತ್ತಿ ಮುಚ್ಚಿದೀಯ, ತಮ್ಮನ್ನ ಒಂದು ಮಾತು ಕೇಳಲಿಲ್ಲ. ಬೆಳಗ್ಗೆ ಕೀಸುಳಿ ಹಾಕಿ ಸವರಿದೀನಿ. ಈಗ ಒಂದೇ ಏಟಿಗೆ ಮುಚ್ಚುತ್ತೆ. ಕಾಗದ ನೀರಿನ ಕೊಡದ ಕೆಳಗಿದೆ, ಬೀಗದಕೈ ಎದುರುಮನೆ ತಂಗಮ್ಮಾಳ್ ಹತ್ರ ಇರುತ್ತೆ. ತಮ್ಮ ಬಾಗಲು ಎಷ್ಟು ಜೋರಾಗಿ ಬಡಿದು ಹೋದ ಅಂತ ಅವರನ್ನ ಕೇಳು.