‘ತಾನಾಗಿಯೇ ಹಿಂದಿರುಗಿದಳು’ ಎಂದು ಬರೆದ ಕಚೇರಿಗೆ

ವಿಮಾನ ನಿಲ್ದಾಣದ ಭದ್ರತಾ ತಪಾಸಣೆಯ ಮುಖ್ಯಾಧಿಕಾರಿಗಳ ಸನ್ನಿಧಾನಕ್ಕೆ

ಹುಮನಾಬಾದ್, ಜೂನ್ 2005

ಮಾನ್ಯರೇ,

ತಮ್ಮ ಕಚೇರಿ ನನ್ನ ಹೆಂಡತಿಯ ಬಗ್ಗೆ ಒಂದು ಸುಳ್ಳು ಬರೆದಿದೆ. ಅದನ್ನು ತಿದ್ದಿ ಕೊಡಿ ಎಂದು ಕೇಳುವುದಕ್ಕೇ ಈ ಪತ್ರ. ಇದಕ್ಕೂ ಮೊದಲು ಎರಡು ಪತ್ರಗಳನ್ನು ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದ್ದೆ. ಒಂದಕ್ಕೆ ಎಂಟು ತಿಂಗಳ ಮೇಲೆ ಉತ್ತರ ಬಂತು, ಇನ್ನೊಂದಕ್ಕೆ ಅದೂ ಇಲ್ಲ. ಲಕೋಟೆ ಒಡೆಯಲು ತಮಗೆ ಪುರುಸೊತ್ತಿಲ್ಲವೆಂದು ತಿಳಿದು ಈ ಸಲ ಪತ್ರಿಕೆಯಲ್ಲಿ, ಊರಿಗೆಲ್ಲ ಕಾಣುವಂತೆ ಬರೆಯುತ್ತಿದ್ದೇನೆ. ನಿಲ್ದಾಣದ ಹೆಸರು ಬರೆಯುವುದಿಲ್ಲ. ಯಾವುದೆಂದು ತಮಗೆ ಗೊತ್ತಿದೆ. ನಾನು ಹುಮನಾಬಾದಿನ ಕಾಳಿನ ಪೇಟೆಯ ದಲಾಲ. ಮರ್ಯಾದೆಯ ಭಾಷೆಯಲ್ಲೇ ಶುರು ಮಾಡಿದ್ದೇನೆ. ನಡುವೆ ಎಲ್ಲಾದರೂ ಸಿಟ್ಟು ನೆತ್ತಿಗೇರಿ ಪೇಟೆಯ ಮಾತು ನುಗ್ಗಿದರೆ ಸಹಿಸಿಕೊಳ್ಳಬೇಕು. ನಾವು ತಮ್ಮನ್ನು ಎರಡು ವರ್ಷದಿಂದ ಸಹಿಸಿಕೊಂಡಿಲ್ಲವೇ?

ನಮಗೆ ಒಬ್ಬಳೇ ಮಗಳು, ಭುವನೇಶ್ವರಿ. ಅಳಿಯ ಅಂಬರೀಷ ಮೊದಲು ನಮ್ಮೂರಿನ ಔಷಧ ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದ, ಆಮೇಲೆ ಅದೇ ಕೆಲಸಕ್ಕೆ ಮಸ್ಕತ್‌ಗೆ ಹೋದ. ಮಗಳಿಗೆ ಎರಡು ಸಲ ಬಸಿರು ನಿಲ್ಲಲಿಲ್ಲ. ಮೂರನೆಯದು ನಿಂತಾಗ ಅಲ್ಲಿನ ಡಾಕ್ಟರು ವಿಮಾನ ಹತ್ತಲೇಬಾರದೆಂದರು. ಚೊಚ್ಚಲ ಹೆರಿಗೆ ತವರಿನಲ್ಲಾಗಬೇಕು. ಮಗಳು ಬರಲಾರಳೆಂದರೆ ತವರೇ ಎದ್ದು ಹೋಗಬೇಕು. ಹಾಗೆಂದು ನನ್ನ ಹೆಂಡತಿ ತುಳಜಾಬಾಯಿ ಹುಟ್ಟಿ ಐವತ್ತು ವರ್ಷಕ್ಕೆ ಮೊದಲ ಸಲ ಪಾಸ್‌ಪೋರ್ಟಿಗೆ ಫೋಟೋ ತೆಗೆಸಿಕೊಂಡಳು. ತಿಂಗಳುಗಟ್ಟಲೆ ತಯಾರಿ ನಡೆಯಿತು. ಅಂಟಿನ ಉಂಡಿ ಕಟ್ಟಿದಳು, ಹಳೆಯ ಇಳಕಲ್ ಸೀರೆ ಹರಿದು ಕೂಸಿಗೆ ಕೌದಿ ಹೊಲಿದಳು, ತಲೆಗೆ ಕುಂಚಿಗಿ ಹೊಲಿದಳು. ದಿನಾ ಸಂಜೆ ಎಸ್‌ಟಿಡಿ ಅಂಗಡಿಯಿಂದ ಮಗಳಿಗೆ ಒಂದೇ ಮಾತು: “ಅಂಜಬ್ಯಾಡ, ನೋವು ಬರೂದರಾಗ ನಾ ನಿನ್ನ ಕಡಿಗಿ ಇರ್ತೀನಿ.” ಈ ಮಾತನ್ನು ದಯವಿಟ್ಟು ನೆನಪಿಡಿ. ತಾವು ಮುರಿಸಿದ್ದು ಇದನ್ನು.

2003ರ ಮಾರ್ಚ್ ತಿಂಗಳು, ಹಾಡಹಗಲು, ಅವಳೊಂದಿಗೆ ನಾನೂ ಹೊರಟು ತಮ್ಮ ನಿಲ್ದಾಣಕ್ಕೆ ಬಂದೆ. ಗಂಡಸರ ಸಾಲಿನಲ್ಲಿ ನನ್ನನ್ನು ಸವರಿ, ತಟ್ಟಿ, ಮುಂದೆ ಕಳಿಸಿದರು. ಯಂತ್ರ ಚೂರೂ ಕಿರುಚಲಿಲ್ಲ. ಯಾಕೆ ಕಿರುಚೀತು? ನಾನು ಹೆಸರಿಗೆ ಲಿಂಗವಂತ. ನನ್ನ ಇಷ್ಟಲಿಂಗ ಇಪ್ಪತ್ತು ವರ್ಷದಿಂದ ದೇವರ ಮನೆಯ ಗೂಡಿನಲ್ಲಿ ಆರಾಮಾಗಿ ಕೂತಿದೆ. ತುಳಜಾಬಾಯಿ ಹಾಗಲ್ಲ. ಬಸವಕಲ್ಯಾಣ ತಾಲೂಕಿನ ಕೊಹಿನೂರಿನ ಹೆಣ್ಣುಮಗಳು. ಎಂಟನೇ ವರ್ಷಕ್ಕೆ ಅಲ್ಲಿಯ ಸ್ವಾಮಿಗಳು ಕಟ್ಟಿದ ಲಿಂಗ ಅವಳ ಎದೆ ಬಿಟ್ಟು ಇಳಿದದ್ದಿಲ್ಲ. ದಿನಾ ಅದನ್ನು ಎಡ ಅಂಗೈಯಲ್ಲಿಟ್ಟು ಪೂಜೆ ಮಾಡುತ್ತಾಳೆ, ಮತ್ತೆ ಬೆಳ್ಳಿಯ ಗುಂಡಗಡಗಿಯಲ್ಲಿಟ್ಟು ಕೊರಳಿಗೆ ಹಾಕಿಕೊಳ್ಳುತ್ತಾಳೆ. ಲಿಂಗ ಮೈಮೇಲಿಲ್ಲದೆ ಬಾಯಿಗೆ ಹನಿ ನೀರು ಬಿಡುವವಳಲ್ಲ. ಆ ಬೆಳ್ಳಿಗೆ ತಮ್ಮ ಯಂತ್ರ ಕಿರುಚಿತು.

ಹೆಂಗಸರ ಪರದೆಯ ಹಿಂದೆ ಮಹಿಳಾ ಸಿಬ್ಬಂದಿ ಅದನ್ನು ತೆಗೆದು ಡಬ್ಬಿಗೆ ಹಾಕು ಎಂದಳು. ಯಾವ ಡಬ್ಬಿ? ಅದಕ್ಕೂ ಒಂದು ನಿಮಿಷ ಮೊದಲು ಯಾರದೋ ಬೂಟು ಹೊತ್ತು ಬಂದ ಪ್ಲಾಸ್ಟಿಕ್ ಡಬ್ಬಿ. ತುಳಜಾಬಾಯಿ ಜಗಳ ಆಡಲಿಲ್ಲ. ನಾನು ಪರದೆಯ ಇತ್ತ ನಿಂತು ಕಿವಿಯಾರೆ ಕೇಳಿದ್ದೇನೆ. ನಮ್ಮ ಕಡೆಯ ಹರಕುಮುರುಕು ಹಿಂದಿಯಲ್ಲಿ ಬೇಡಿಕೊಂಡಳು: ನಾನೇ ಬಿಚ್ಚುತ್ತೇನೆ, ನನ್ನ ಅಂಗೈ ಮೇಲೆ ಇಟ್ಟು ತೋರಿಸುತ್ತೇನೆ, ಎಷ್ಟು ಹೊತ್ತು ಬೇಕಾದರೂ ನೋಡವ್ವ, ಮುಟ್ಟಬೇಡ. ಇಷ್ಟೇ. ನೋಡಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ತಮ್ಮ ಸಿಬ್ಬಂದಿ ಮೇಲಿನ ಸಾಹೇಬರನ್ನು ಕರೆದಳು. ಸಾಹೇಬರು ಬಂದರು, ಮೇಜಿನ ಮುಂದೆ ನಮ್ಮಿಬ್ಬರನ್ನೂ ನಿಲ್ಲಿಸಿ ಪುಸ್ತಕದಲ್ಲಿದ್ದ ಪ್ರಶ್ನೆ ಕೇಳಿದರು.

ಇದನ್ನು ನಿನಗೆ ಬೇರೆ ಯಾರಾದರೂ ಕೊಟ್ಟಿದ್ದೋ? ಹೌದು, ಸ್ವಾಮಿಗಳು ಕೊಟ್ಟಿದ್ದು. ಒಳಗೆ ಏನಿದೆ, ಗೊತ್ತೋ? ಇಲ್ಲ ಸಾಹೇಬರೇ, ಒಡೆದು ನೋಡುತ್ತಾರೇನು ಯಾರಾದರೂ? ಇದು ಎಂದಾದರೂ ನಿನ್ನ ಕಣ್ಣು ತಪ್ಪಿತ್ತೋ? ಇಲ್ಲ, ಯಾವಾಗಲೂ ನನ್ನ ಹತ್ತಿರವೇ ಇತ್ತು.

ಅಯ್ಯೋ ಶಿವನೇ! ತಲೆ ತಲೆ ಚಚ್ಚಿಕೊಳ್ಳಬೇಕೆನಿಸಿತು ನನಗೆ. ಕಳ್ಳಸಾಗಣೆ ಮಾಡುವವನು ಈ ಮೂರು ಪ್ರಶ್ನೆಗೆ ಚೆಂದಾಗಿ ಸುಳ್ಳು ಹೇಳಿ ದಾಟಿಬಿಡುತ್ತಾನೆ. ಸಿಕ್ಕಿಬೀಳುವವರು ಇವಳಂಥವರು. ಪರರು ಕೊಟ್ಟದ್ದು, ಒಳಗೇನಿದೆಯೋ ಗೊತ್ತಿಲ್ಲ, ಆದರೂ ಬಿಡಲೊಲ್ಲಳು. ಸಾಹೇಬರ ಮುಖದಲ್ಲಿ ಮೆಡಲ್ ಸಿಕ್ಕ ಕಳೆ ಬಂತು. ಅವಳು ತಾನೇ ಬಿಚ್ಚಿ ಅಂಗೈಯಲ್ಲಿ ಹಿಡಿದಿದ್ದ ಲಿಂಗ ಎತ್ತಿಕೊಂಡರು. ಬೀಗದ ಕೈ ಗೊಂಚಲಿನಲ್ಲಿದ್ದ ಸಣ್ಣ ಚಾಕು ಬಿಚ್ಚಿದರು. ಲಿಂಗದ ಕಪ್ಪು ಲೇಪದ ಮೇಲೆ ಕೊರೆದರು. ನಾನು “ಸಾಬ್, ಸಾಬ್” ಎನ್ನುವಷ್ಟರಲ್ಲಿ ಜೋಳದ ಕಾಳಿನಷ್ಟು ಚೂರು ಹಾರಿ ಮೇಜಿನ ಮೇಲೆ ಬಿತ್ತು. ಸಾಹೇಬರು ಮೂಸಿ ನೋಡಿ, “ಪತ್ಥರ್ ಹೈ, ಜಾನೇ ದೋ” ಎಂದು ಅದೇ ಬೂಟಿನ ಡಬ್ಬಿಗೆ ಟಪ್ಪಂತ ಒಗೆದು ಹೋದರು. ಎಲ್ಲ ಸೇರಿ ಮೂರು ನಿಮಿಷ. ನಲವತ್ತೆರಡು ವರ್ಷ ಒಂದು ಕ್ಷಣವೂ ಮೈಬಿಡದ ಲಿಂಗ ಭಿನ್ನವಾಯಿತು. ಭಿನ್ನವಾದದ್ದನ್ನು ಮತ್ತೆ ಕೊರಳಿಗೆ ಕಟ್ಟುವಂತಿಲ್ಲ.

ತಪಾಸಣೆಯೇ ಬೇಡ ಎನ್ನುವ ಮೂರ್ಖ ನಾನಲ್ಲ ಮಾನ್ಯರೇ. ವಿಮಾನ ಅಪಹರಣದ ಸುದ್ದಿ ನಾವೂ ಓದಿದ್ದೇವೆ, ನಮಗೂ ಜೀವದ ಆಸೆ ಇದೆ. ತಪಾಸಣೆ ನನ್ನ ಕಸುಬು ಕೂಡ. ದಿನಾ ನೂರು ಚೀಲ ತೊಗರಿಗೆ ಸಲಾಕೆ ಚುಚ್ಚಿ ಕಾಳು ನೋಡುತ್ತೇನೆ. ಆದರೆ ರೈತನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಅವನನ್ನು ಕೇಳಿ ಚುಚ್ಚುತ್ತೇನೆ, ಚುಚ್ಚಿದ ತೂತು ಮುಚ್ಚಿ ಕೊಡುತ್ತೇನೆ. ತೊಗರಿ ಚೀಲಕ್ಕೆ ಇರುವ ಮರ್ಯಾದೆ ನಮ್ಮ ಹೆಂಗಸಿಗೆ ಇಲ್ಲದೆ ಹೋಯಿತೇ? ಬಸವಕಲ್ಯಾಣಕ್ಕೆ ತಮ್ಮ ಮಂತ್ರಿಮಹೋದಯರು ಬಂದಾಗ ಶರಣರ ನೆಲವೆಂದು ಮೈಕಿನ ಮುಂದೆ ಕಣ್ಣೀರು ಹಾಕುತ್ತಾರೆ. ಆ ನೆಲದ ಒಬ್ಬ ಹೆಣ್ಣುಮಗಳ ಕೊರಳಲ್ಲಿ ಇರುವುದೇನೆಂದು ಅದೇ ಸರಕಾರದ ನೌಕರರಿಗೆ ಗೊತ್ತಿರುವುದಿಲ್ಲವೋ, ಗೊತ್ತಿದ್ದೂ ಬೇಕಿರುವುದಿಲ್ಲವೋ? ಯಾವುದು ಹೆಚ್ಚು ನಾಚಿಕೆಗೇಡು, ತಾವೇ ತೀರ್ಮಾನಿಸಿ.

ತುಳಜಾಬಾಯಿ ಅಳಲಿಲ್ಲ. ಚೂರನ್ನೂ ಲಿಂಗವನ್ನೂ ಸೆರಗಿನಲ್ಲಿ ಕಟ್ಟಿಕೊಂಡಳು. ಆಮೇಲೆ ನನಗೆ ಹೇಳಿದಳು: “ನೀವ್ ಹೋಗ್ರಿ. ಆಕಿ ಒಬ್ಬಾಕಿನೇ ಇದ್ದಾಳ. ನಾ ಕಲ್ಯಾಣಕ್ಕ ಹೋಗಿ ಸ್ವಾಮಿಗೋಳ ಕಡಿಂದ ಲಿಂಗ ಕಟ್ಟಿಸ್ಕೊಂಡು ಹಿಂದಿಂದ ಬರ್ತೀನಿ.”

“ಹುಚ್ಚು ಹಿಡದದೇನು ನಿನಗ? ವಿಮಾನ ಏನ್ ಬೀದರ ಬಸ್ಸೇನು, ಹಿಂದಿಂದ ಬರ್ಲಾಕ?” ಎಂದು ಒದರಿದೆ.

“ಎರಡ್ ಸಲ ನಿಂತಿಲ್ರಿ ಆಕಿಗಿ. ಭಿನ್ನ ಆದ ಲಿಂಗ ಉಡ್ಯಾಗ ಕಟ್ಕೊಂಡು ಆ ಬಾಣಂತಿ ಕೋಣ್ಯಾಗ ಹ್ಯಾಂಗ ಕಾಲಿಡ್ಲಿ? ಇದರ ಕೇಡು ಕೂಸಿನ ಮ್ಯಾಲ ಬಿದ್ರ ನಾ ಬದಕಲೇನು?”

ಶರಣರ ನಾಡಿನವಳು ಶಕುನ ನಂಬಬಾರದೆಂದು ತಾವು ಉಪದೇಶ ಮಾಡಬಹುದು. ನಾನೂ ಮಾಡಿದೆ. ಎರಡು ಕೂಸು ಕಳೆದುಕೊಂಡ ಮಗಳ ತಾಯಿಗೆ ತಾವೂ ಒಮ್ಮೆ ಹೇಳಿ ನೋಡಿ. ಹೊರಗೆ ಹೋಗಬೇಕೆಂದರೆ ಇಲ್ಲಿ ಸಹಿ ಮಾಡು ಎಂದು ತಮ್ಮವರು ಒಂದು ಇಂಗ್ಲಿಷ್ ಕಾಗದ ಮುಂದಿಟ್ಟರು. ಅವಳು ತನಗೆ ಓದಲು ಬಾರದ ಆ ಕಾಗದದ ಮೇಲೆ ಕನ್ನಡದಲ್ಲಿ ಸಹಿ ಮಾಡಿದಳು. ಜನ್ಮದಲ್ಲಿ ಒಬ್ಬಳೇ ಹುಮನಾಬಾದ್ ದಾಟದವಳು ಎರಡು ಬಸ್ಸು ಬದಲಿಸಿ ಬಸವಕಲ್ಯಾಣ ಮುಟ್ಟಿದಳು. ಹೊಸ ಲಿಂಗ ಕೊರಳಿಗೆ ಬಂದು ಅವಳು ನೀರು ಕುಡಿಯುವಷ್ಟರಲ್ಲಿ ಇಪ್ಪತ್ತಾರು ತಾಸು ಕಳೆದಿದ್ದವು.

ನಾನು ವಿಮಾನ ಹತ್ತಿದೆ. ಇನ್ನು ಮುಂದಿನದು ನನ್ನ ತಪ್ಪು. ಮುಚ್ಚಿಡುವುದಿಲ್ಲ. ಮಸ್ಕತ್‌ನಲ್ಲಿ ಇಳಿಯುವುದರೊಳಗೆ ಭುವನೇಶ್ವರಿಯನ್ನು ಆಸ್ಪತ್ರೆಗೆ ಸೇರಿಸಿದ್ದರು. ಅಂಟಿನ ಉಂಡಿಯ ಡಬ್ಬಿ ಹಿಡಿದು ಒಳಗೆ ಹೋದೆ. ನೋವಿನಲ್ಲೂ ನನ್ನ ಬೆನ್ನ ಹಿಂದೆ ಇಣುಕಿ ನೋಡಿ, “ಅಪ್ಪಾ, ಅವ್ವ ಎಲ್ಲಿ?” ಎಂದಳು. ತಮ್ಮ ಸಾಹೇಬರ ಮೇಲಿನ ಸಿಟ್ಟು ದಾರಿಯುದ್ದಕ್ಕೂ ನನ್ನೊಳಗೆ ಕುದಿದಿತ್ತು. ಅವರ ಮೇಲೆ ತೀರಿಸಿಕೊಳ್ಳಲಾಗದ್ದನ್ನು ಹೆಂಡತಿಯ ಮೇಲೆ ತೀರಿಸಿಕೊಂಡೆ. “ನಿಮ್ಮವ್ವಗ ನಿನಗಿಂತಾ ಲಿಂಗಾನೇ ದೊಡ್ಡದಾತು, ತಾನೇ ವಾಪಸ್ ಹೋದ್ಲು” ಎಂದುಬಿಟ್ಟೆ. ನನ್ನ ನಾಲಿಗೆಗೆ ಬೆಂಕಿ ಬೀಳಲಿ. ಮಗಳು ಗೋಡೆಯ ಕಡೆ ಹೊರಳಿದಳು. ಹತ್ತೊಂಬತ್ತು ತಾಸು ಬೇನೆ ತಿಂದಳು, ಗಂಡಸರಿಗೆ ಪ್ರವೇಶವಿಲ್ಲದ ಬಾಗಿಲ ಹೊರಗೆ ನಾನು ಕೂತು ಕೇಳಿದೆ. ಒಂದು ಸಲವೂ “ಅವ್ವಾ” ಎಂದು ಕೂಗಲಿಲ್ಲ. ಗಂಡು ಮಗು ಹುಟ್ಟಿತು, ತಾಯಿ ಮಗು ಉಳಿದರು, ಅಷ್ಟು ಪುಣ್ಯ. ಆ ಸಂಜೆಯೇ ತುಳಜಾಬಾಯಿ ಎಸ್‌ಟಿಡಿ ಅಂಗಡಿಯಿಂದ ಫೋನ್ ಮಾಡಿ, “ಲಿಂಗ ಕಟ್ಟಿಸ್ಕೊಂಡೀನಿ, ಟಿಕೀಟ್ ತಗಸ್ರಿ, ಬರಾಕತ್ತೀನಿ” ಎಂದಳು. ಮಗಳು ನನ್ನ ಕೈಯಿಂದ ಫೋನ್ ತೆಗೆದುಕೊಂಡು, “ಬರೂದು ಬ್ಯಾಡ” ಎಂದು ಇಟ್ಟಳು. ಅಂದಿನಿಂದ ಇಂದಿನವರೆಗೆ ತಾಯಿಯೊಂದಿಗೆ ಮಾತಿಲ್ಲ, ಊರಿಗೆ ಬಂದಿಲ್ಲ, ತಾಯಿಯನ್ನು ಅಲ್ಲಿಗೆ ಬರಗೊಟ್ಟಿಲ್ಲ.

ನಡೆದದ್ದನ್ನೆಲ್ಲ ಆಮೇಲೆ ಮಗಳಿಗೆ ಬಿಡಿಸಿ ಹೇಳಿದೆ, ಚಾಕು, ಚೂರು, ಎಲ್ಲ. ಅವಳು ನಂಬಲಿಲ್ಲ. “ಅವತ್ತ್ ಒಂದ್ ಹೇಳಿದ್ರಿ, ಈಗ ತೇಪಿ ಹಚ್ಚಾಕತ್ತೀರಿ. ಖರೇ ಇದ್ರ ಅವರ ಕಡಿಂದ ಬರಸ್ಕೊಂಡು ಬರ್ರಿ” ಎಂದಳು. ಹಾಗೆಂದೇ ತಮಗೆ ಮೊದಲ ಪತ್ರ ಬರೆದೆ. ಎಂಟು ತಿಂಗಳ ಮೇಲೆ ಮೂರು ಸಿಂಹದ ಮುದ್ರೆಯ ಉತ್ತರ ಬಂದಾಗ ಹಬ್ಬವಾದಷ್ಟು ಖುಷಿಯಿಂದ ತಹಶೀಲ್ ಕಚೇರಿ ಮುಂದಿನ ಟೈಪಿಸ್ಟ್ ಬದ್ರುದ್ದೀನ್ ಸಾಹೇಬರ ಹತ್ತಿರ ಓದಿಸಲು ಓಡಿದೆ. ಅವರು ಎರಡೆರಡು ಸಲ ಓದಿ ಕನ್ನಡಕ ತೆಗೆದರು. “ದಲಾಲರೇ, ಹೆಣ್ಣುಮಗಳು ತಾನಾಗಿಯೇ ಹಿಂದಿರುಗಿದಳು, ತಪಾಸಣ್ಯಾಗ ಯಾವ ವಸ್ತೂಗೂ ಧಕ್ಕಿ ಆಗಿಲ್ಲ, ಸಹಿ ನಮ್ಮ ಹಂತ್ಯಾಕ ಅದ, ಅಂತ ಬರದಾರ್ರಿ. ಇದನ್ನ ಬೇಟೀಗಿ ಕಳಸಬ್ಯಾಡ್ರಿ” ಎಂದರು. ಆಸ್ಪತ್ರೆಯಲ್ಲಿ ನಾನು ಸಿಟ್ಟಿನಲ್ಲಿ ಆಡಿದ ಸುಳ್ಳನ್ನೇ ತಾವು ತಣ್ಣಗೆ ಕೂತು ಟೈಪು ಮಾಡಿಸಿ ಮುದ್ರೆ ಒತ್ತಿದ್ದಿರಿ. ನನಗಾದರೂ ಸಿಟ್ಟಿತ್ತು. ತಮಗೆ ಏನಿತ್ತು?

ನನಗೆ ಪರಿಹಾರ ಬೇಡ. ಆ ಸಾಹೇಬರ ನೌಕರಿ ಹೋಗುವುದೂ ಬೇಡ, ಅವರಿಗೂ ಮಕ್ಕಳಿದ್ದಾರು. ಇಷ್ಟಲಿಂಗವನ್ನು ಸ್ವಂತ ಅಂಗೈಯಲ್ಲಿಟ್ಟು ತೋರಿಸುತ್ತೇನೆ ಎನ್ನುವವರಿಗೆ ಹಾಗೇ ತೋರಿಸಲು ಬಿಡಿ ಎಂದು ತಮ್ಮ ಪುಸ್ತಕದಲ್ಲಿ ಒಂದು ಸಾಲು ಸೇರಿಸಿ. ಮತ್ತು ತಮ್ಮ ಕಚೇರಿಯ ಕಾಗದದ ಮೇಲೆ, ಮುದ್ರೆ ಒತ್ತಿ, ನನ್ನ ಮಗಳ ವಿಳಾಸಕ್ಕೆ ಬರೆಯಿರಿ: ನಿಮ್ಮ ತಾಯಿ ಬರಲೆಂದೇ ಬಂದಿದ್ದರು, ಅವರ ಲಿಂಗವನ್ನು ಚಾಕುವಿನಿಂದ ಕೊರೆದವರು ನಾವು, ಅವರು ನಿಮ್ಮ ಕೂಸಿಗೆ ಅಂಜಿ ಹಿಂದಿರುಗಿದರು. ಕನ್ನಡದಲ್ಲಿ ಬರೆಯಲು ಬಾರದಿದ್ದರೆ ಹಿಂದಿಯಲ್ಲಿ ಬರೆಯಿರಿ, ಇಂಗ್ಲಿಷಿನಲ್ಲಿ ಬರೆಯಿರಿ. ಮಗಳಿಗೆ ಓದಲು ಬರುತ್ತದೆ.

ಬೇಗ ಬರೆಯಿರಿ ಮಾನ್ಯರೇ. ಮೊಮ್ಮಗನಿಗೆ ಎರಡು ವರ್ಷ ತುಂಬಿ ಮೂರು ತಿಂಗಳಾಯಿತು. ಫೋನಿನಲ್ಲಿ ನನ್ನನ್ನು “ಮುತ್ಯಾ” ಎಂದು ಕರೆಯುತ್ತಾನೆ, ನೀರು ಕೇಳುತ್ತಾನೆ, ಕಾಗೆ ತೋರಿಸುತ್ತಾನೆ. ನಾನು ಫೋನಿನಲ್ಲಿರುವಾಗ ತುಳಜಾಬಾಯಿ ಪಕ್ಕದಲ್ಲಿ ಉಸಿರು ಬಿಗಿಹಿಡಿದು ಕೂತಿರುತ್ತಾಳೆ. ಅಜ್ಜಿಗೆ “ಆಯಿ” ಎನ್ನುವ ಮಾತನ್ನು ಅವನಿಗೆ ಇನ್ನೂ ಯಾರೂ ಕಲಿಸಿಲ್ಲ.

ಇಂತಿ,
ತಮ್ಮ ಸುಳ್ಳನ್ನು ತಮಗಿಂತ ಮೊದಲೇ ಹೇಳಿ, ಈಗ ತಮ್ಮ ಬಾಗಿಲಲ್ಲಿ ಸತ್ಯ ಬೇಡುತ್ತಾ ನಿಂತ ಪಾಪಿ,
ಮಹಾರುದ್ರಪ್ಪ, ದಲಾಲ, ಕಾಳಿನ ಪೇಟೆ