ಐದು ಮನೆಯ ಜೋಗ

ನವೆಂಬರ್ 13, ಗುರುವಾರ. ಬೆಳಿಗ್ಗೆ 9

ಇವತ್ತೂ ಒಂದೇ ರೊಟ್ಟಿ. ಅದರಲ್ಲೂ ಅರ್ಧ ಬಿಟ್ಟು ಎದ್ದಳು. ಎಂಟು ದಿನದಿಂದ ಇದೇ ಆಟ. ಹಾಲೆಂಡಿನಿಂದ ಬಂದ ಹೊಸತರಲ್ಲಿ ಮೂರು ರೊಟ್ಟಿ ತಿಂದು, ಶೇಂಗಾ ಚಟ್ನಿಯ ಬೆರಳು ನೆಕ್ಕುತ್ತಿದ್ದ ಹುಡುಗಿ. ಮರೈಕೆ ಅಂತ ಹೆಸರು. ಖಾನಾಪುರದ ಶಾಲೆಯೊಂದರಲ್ಲಿ ಆರು ತಿಂಗಳು ವಾಲಂಟಿಯರ್. ಮನೆಯಲ್ಲಿ ಇಟ್ಟುಕೊಂಡು ಉಣಿಸುವುದು, ಕನ್ನಡ ಕಲಿಸುವುದು ನನ್ನ ಪಾಲು. ಸೇವೆ ಅಂತ ಒಪ್ಪಿಕೊಂಡಿದ್ದೆ.

‘ಯಾಕವ್ವ, ನನ್ನ ಕೈ ರೊಟ್ಟಿ ಸೇರವಲ್ದೇನ?’

‘ಸಾಕ್ರಿ ಆಂಟಿ. ಹೊಟ್ಟಿ ತುಂಬೈತಿ.’

ಸುಳ್ಳು. ಬಸ್‌ಸ್ಟ್ಯಾಂಡಿನಲ್ಲಿ ಗಬಗಬ ಬಿಸ್ಕಿಟ್ ತಿನ್ನುವುದನ್ನು ಎದುರು ಮನೆಯ ಕೌಸರ ಕಣ್ಣಾರೆ ನೋಡಿದ್ದಾಳೆ. ಉಳಿದ ರೊಟ್ಟಿ ಆಕಳಿಗೆ ಹಾಕಿದೆ. ಸಿಟ್ಟಿಗೆ ನಾನೂ ಉಣ್ಣಲಿಲ್ಲ.

ನವೆಂಬರ್ 15, ಶನಿವಾರ. ಸಂಜೆ

ಗೊತ್ತಾಯಿತು.

ಮಗಳು ನಿಖಿತಾ ಮೊಬೈಲ್ ತಂದು ತೋರಿಸಿದಳು. ಮರೈಕೆಯನ್ನು ಕಳಿಸಿದ ಸಂಸ್ಥೆಯವರ ಪೇಜು. ಅದರಲ್ಲಿ ನಾನು! ಹಿಂದಿನ ವಾರ, ಮಂಗಳವಾರದ ನಾನು — ಹಣೆ ತುಂಬ ಭಂಡಾರದ ಅರಿಸಿನ, ಕೈಯಲ್ಲಿ ಬುಟ್ಟಿ, ಕೌಸರಳ ಬಾಗಿಲಲ್ಲಿ. ಅವಳು ಬೊಗಸೆ ತುಂಬ ಜೋಳ ಹಾಕುತ್ತಿದ್ದಾಳೆ. ಕೆಳಗೆ ಇಂಗ್ಲಿಷು, ಮರೈಕೆಯ ಹೆಸರು.

‘ಏನ್ ಬರದಾರ, ಓದು.’

‘ಬ್ಯಾಡ ಬಿಡವ್ವ.’

‘ಓದು ಅಂದೆ.’

ಓದಿ ಹೇಳಿದಳು. ಈ ತಾಯಿ ಮನೆಮನೆಗೆ ಹೋಗಿ ಭಿಕ್ಷೆ ಬೇಡುತ್ತಾಳೆ, ಆ ಕಾಳಿನಲ್ಲೇ ನನಗೂ ಉಣಿಸುತ್ತಾಳೆ, ಇಂಥ ಬಡವರಿಗೆ ನೆರವಾಗಿ — ಹಿಂಗಂತೆ.

ರಾಮತೀರ್ಥ ನಗರದಲ್ಲಿ ಎರಡಂತಸ್ತಿನ ಮನೆ ನನ್ನದು. ಎಲ್ಲವ್ವನಿಗೆ ನಡೆದುಕೊಳ್ಳುವ ಮನೆತನ. ಮಂಗಳವಾರ ಐದು ಮನೆ ಜೋಗ ಬೇಡುವುದು ಅತ್ತೆಯಿಂದ ನನಗೆ ಬಂದ ಹರಕೆ. ಸಾಹುಕಾರರ ಹೆಂಡಂದಿರೂ ಬೇಡುತ್ತಾರೆ. ಈ ಹುಡುಗಿಗೆ ನಾನು ಭಿಕಾರಿಯಾಗಿ ಕಂಡೆ!

ಅದಕ್ಕೇ ಅರ್ಧ ರೊಟ್ಟಿ. ನನಗೆ ಉಳಿಯಲಿ ಅಂತ!

ಕರೆದು ಬೈದೆ. ನನ್ನ ಬೈಗುಳದಲ್ಲಿ ತಿಳಿದದ್ದಕ್ಕೂ ಅತ್ತಳು, ತಿಳಿಯದ್ದಕ್ಕೂ ಅತ್ತಳು. ‘ನಾ ಕೇಳ್ಬೇಕಿತ್ತು. ಕೇಳಿದ್ರ ನಿಮಗ ನಾಚಿಕಿ ಆಗ್ತದ ಅಂತ ಕೇಳಲಿಲ್ಲ.’

ಫೋಟೊ ತೆಗೆಯುವಾಗ ನಾಚಿಕೆ ಎಲ್ಲಿ ಹೋಗಿತ್ತು?

ನವೆಂಬರ್ 17, ಸೋಮವಾರ

ಮಹಾಂತೇಶ ನಗರದ ಸಂಸ್ಥೆಯ ಆಫೀಸಿಗೆ ಹೋಗಿದ್ದೆ. ಮ್ಯಾನೇಜರ್ ಹೃಷೀಕೇಶ, ನಗುಮುಖದವನು.

‘ಕುಂದರ್ರಿ ಮಾಯಕ್ಕಾರ. ಚಾ ತಗೋರಿ.’

‘ಚಾ ಬ್ಯಾಡ. ಫೋಟೊ ತಗೀರಿ.’

‘ಅಲ್ರೀ, ಎಷ್ಟ್ ಛಲೋ ಬಂದೈತಿ! ಹಾಲೆಂಡಿನ್ಯಾಗ ಮಂದಿ ನೋಡಿ ಅಳಾಕತ್ತಾರ.’

‘ನಿಮ್ಮವ್ವನ ಫೋಟೊ ಹಾಕ್ರಿ. ಅದಕ್ಕೂ ಅಳ್ತಾರ.’

ನಗು ನಿಂತಿತು. ಆಮೇಲೆ ಅಂದ — ‘ನನ್ನ ಕೈಯಾಗ ಇಲ್ರಿ. ಎರಡನೇ ತಾರೀಖು ಹಾಲೆಂಡಿನ ದೊಡ್ಡ ಮೇಡಮ್ಮಾರ ಖಾನಾಪುರ ಸಾಲಿಗೆ ಬರ್ತಾರ. ಅವರನ್ನ ಕೇಳ್ರಿ. ಇಂಗ್ಲಿಷಿನ್ಯಾಗ ಕೇಳ್ಬೇಕ ನೋಡ್ರಿ ಮತ್ತ!’

ಮತ್ತೆ ನಕ್ಕ. ಬೀಡಿ ಊರಿನ ಶಾಲೆ, ಏಳನೆಯ ಇಯತ್ತೆ. ನನ್ನ ಓದು ಅಷ್ಟೇ ಅಂತ ಅವನಿಗೆ ಗೊತ್ತು.

ನವೆಂಬರ್ 18, ಮಂಗಳವಾರ

ಜೋಗಕ್ಕೆ ಹೋಗಲಿಲ್ಲ. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ. ಭಂಡಾರ ಹಚ್ಚಿಕೊಂಡೆ, ಬುಟ್ಟಿ ಹಿಡಿದೆ, ಹೊಸ್ತಿಲು ದಾಟಲು ಆಗಲಿಲ್ಲ. ಯಾರು ಎಲ್ಲಿಂದ ನೋಡುತ್ತಿದ್ದಾರೋ…

ತಾಯಿ, ತಪ್ಪು ನಿನ್ನ ಹೊಟ್ಟೆಯಲ್ಲಿ ಹಾಕಿಕೋ.

ನವೆಂಬರ್ 25, ಮಂಗಳವಾರ. ಮಧ್ಯಾಹ್ನ

ಇವತ್ತೂ ಹೋಗಲಿಲ್ಲ.

ಮರೈಕೆಗೆ ಅಂದಿದ್ದೆ, ‘ನೀ ಮಾಡಿದ್ದು. ನೀನ ಕಲಿಸು.’ ದಿನಾ ಒಂದು ತಾಸು ಇಂಗ್ಲಿಷು. ಈ ನೋಟ್‌ಬುಕ್ಕಿನ ಹಿಂದೆ ಕನ್ನಡ ಅಕ್ಷರದಲ್ಲಿ ಬರೆದುಕೊಂಡಿದ್ದೇನೆ. ಯು ಡಿಡ್ ನಾಟ್ ಆಸ್ಕ್ ಮಿ. ನಾಲಿಗೆ ಹೊರಳುವುದಿಲ್ಲ. ನಿಖಿತಾ ಬಾಯಿಗೆ ಓಡಣಿ ಅಡ್ಡ ಹಿಡಿದು ನಗುತ್ತಾಳೆ. ಪುಸ್ತಕ ಎಸೆದೆ. ಐವತ್ತನೆಯ ವಯಸ್ಸಿನಲ್ಲಿ ಜಗಳ ಮಾಡಲಿಕ್ಕೆ ಬೇರೆಯವರ ಭಾಷೆ ಕಲಿಯಬೇಕೆ?

ಹುಡುಗಿ ಎತ್ತಿಕೊಂಡು ಬಂದಳು. ‘ನಂದೂ ಅಲ್ರಿ ಇಂಗ್ಲಿಷ್. ನಾನೂ ಬೈಸ್ಕೊಂಡ ಕಲ್ತೀನಿ.’

ಮತ್ತೆ ಕುಳಿತೆ.

ನವೆಂಬರ್ 28, ಶುಕ್ರವಾರ

‘ನಾನು ಬೇಡುವವಳಲ್ಲ’ — ಇದಕ್ಕೆ ಇಂಗ್ಲಿಷಿನಲ್ಲಿ ಏನು ಎಂದು ಕೇಳಿದೆ. ಹೇಳಿದಳು. ಬರೆದುಕೊಂಡೆ. ಆಮೇಲೆ ಮೆಲ್ಲಗೆ ಕೇಳಿದಳು —

‘ಎಲ್ಲವ್ವನ ಮುಂದ ಎಲ್ಲಾರೂ ಬೇಡೋರ ಅಂತ ನೀವ ಹೇಳಿದ್ರಿ. ಹಂಗಾದ್ರ ಅದು ಬೈಗುಳ ಹೆಂಗ ಆತ್ರಿ?’

‘ಸುಮ್ನ ನಿನ್ನ ಪಾಠ ನೋಡ್ಕೋ!’

ಅವಳ ಮಾತಿಗೆ ಹೆಚ್ಚು ಉರಿಯಿತು. ಕೌಸರಳಿಗೆ ಹೋಗಿ ಹೇಳಿದೆ, ನನ್ನ ಪರವಾಗಿ ಮಾತಾಡಲಿ ಅಂತ. ಆಕೆ ನಕ್ಕುಬಿಟ್ಟಳು.

‘ಖರೇ ಹೇಳ್ಲೇನ ಮಾಯಕ್ಕ? ನಿನ್ನ ಐದೂ ಮನಿ ಗುರ್ತಿನವರದು. ನೀ ಬರ್ತೀ ಅಂತ ಜ್ವಾಳ ಹಸನ ಮಾಡಿ ಇಟ್ಟಿರ್ತೀವಿ. ಮ್ಯಾಲ ಚಾ ಕುಡಿಸಿ ಕಳಸ್ತೀವಿ. ಇದೆಂಥಾ ಬೇಡೂದ ತಾಯಿ!’

ಚಾ ಕುಡಿಯದೆ ಎದ್ದು ಬಂದೆ.

ಡಿಸೆಂಬರ್ 2, ಮಂಗಳವಾರ. ಖಾನಾಪುರ, ಸಂಜೆ 4

ಶಾಲೆಯ ಗೋಡೆಯ ಮೇಲೆ ನನ್ನದೇ ಫೋಟೊ, ಬಾಗಿಲಷ್ಟು ದೊಡ್ಡದು ಮಾಡಿ ಹಾಕಿದ್ದರು! ದೊಡ್ಡ ಮೇಡಂ ಎದುರು ಹೋಗಿ ನಿಂತೆ. ಹೃಷೀಕೇಶ ಅಡ್ಡ ಬಂದ. ‘ಸರೀರಿ ಬಾಜೂಕ’ ಎಂದೆ. ಸರಿದ.

ಮೂರು ಮಾತು ಇಂಗ್ಲಿಷಿನಲ್ಲಿ ಹೇಳಿದೆ. ನನ್ನನ್ನು ಕೇಳಲಿಲ್ಲ. ಇದು ದೇವಿಯ ಕೆಲಸ. ಇದನ್ನು ತೆಗೆಯಿರಿ. ನಾಲ್ಕನೆಯದು, ಬೇಡುವವಳಲ್ಲ ಅನ್ನುವುದು, ಬಾಯಿತನಕ ಬಂತು. ಹೇಳಲಿಲ್ಲ.

ಮೇಡಂ ಮುಖ ಕೆಂಪಾಯಿತು. ತಾನೇ ಖುರ್ಚಿ ಹತ್ತಿ ಫೋಟೊ ಇಳಿಸಿದಳು. ಪೇಜಿನಿಂದಲೂ ತೆಗೆಸಿದಳು.

ಗೆದ್ದೆ. ಆದರೂ ಸಿಟ್ಟು ಇಳಿಯಲಿಲ್ಲ. ಇನ್ನು ಯಾರ ಮೇಲೆ?

ಇವತ್ತು ಮಂಗಳವಾರ, ಕೌಸರಳ ಮಾತು ಕಿವಿಯಲ್ಲೇ ಇತ್ತು. ಪೇಟೆಯಲ್ಲಿ ಒಂದು ಬುಟ್ಟಿ ಕೊಂಡೆ. ಸಂಚಿಯಲ್ಲಿ ಭಂಡಾರ ಇತ್ತು, ಹಚ್ಚಿಕೊಂಡೆ. ಗುರುತಿನವರು ಯಾರೂ ಇಲ್ಲದ ಓಣಿಗೆ ಹೊಕ್ಕೆ. ಮರೈಕೆ ಬೆನ್ನು ಹತ್ತಿದಳು.

‘ಮೂಲಿಗೆ ನಿಂದ್ರು. ಫೋನ್ ಚೀಲದಾಗ ಇಡು.’

‘ಇಟ್ಟೀನ್ರಿ.’

ಮೊದಲ ಬಾಗಿಲು. ‘ಎಲ್ಲವ್ವನ ಜೋಗ ನೀಡ್ರಿ’ ಎಂದೆ. ನನ್ನ ದನಿ ನನಗೇ ಕೇಳಲಿಲ್ಲ. ಒಬ್ಬಾಕೆ ಬಂದು ಮೇಲಿಂದ ಕೆಳಗೆ ನೋಡಿದಳು.

‘ಪುಢೆ ಜಾ, ಬಾಯಿ.’

ಮುಂದೆ ಹೋಗು ಅಂತ ಮರಾಠಿಯಲ್ಲಿ ಹೇಳಿ ಕದ ಹಾಕಿದಳು. ಮೈಯೆಲ್ಲ ಬೆಂಕಿ. ಮತ್ತೆ ಕದ ಬಡಿದು, ನಾನು ಯಾರು ಗೊತ್ತೇನು, ನನ್ನ ಮನೆ ಎಂಥದು ಗೊತ್ತೇನು ಎನ್ನಲು ಕೈ ಎತ್ತಿದೆ. ಎತ್ತಿದ ಕೈ ಹಾಗೇ ನಿಂತಿತು.

ಎರಡನೆಯ ಮನೆಯವರು ಕದವನ್ನೇ ತೆರೆಯಲಿಲ್ಲ. ಮೂರನೆಯ ಮನೆಯ ಮುದುಕಿ ‘ಕೈಕಾಲು ಗಟ್ಟಿ ಅದಾವಲ್ಲ, ದುಡಕೊಂಡ ತಿನ್ನು’ ಅಂದಳು.

ಕಟ್ಟೆಯ ಮೇಲೆ ಕುಳಿತು ಬರೆಯುತ್ತಿದ್ದೇನೆ. ಬುಟ್ಟಿ ಖಾಲಿ. ಸಿಟ್ಟು ಇನ್ನೂ ಇದೆ, ಇರಲಿ. ಇಷ್ಟು ವರ್ಷ ಐದು ಮನೆಗೆ ಹೋದೆ. ಬೇಡಿದ್ದು ಮಾತ್ರ ಇವತ್ತೇ.

ಎದುರಿನ ಮನೆಯಾಕೆ ಹೊರಗೆ ಬಂದು ನನ್ನನ್ನೇ ನೋಡುತ್ತಿದ್ದಾಳೆ. ಏಳಬೇಕು. ಯಾರು ಅಂತ ಕೇಳಿದರೆ ಮನೆತನ ಹೇಳಬಾರದು, ಊರು ಹೇಳಬಾರದು, ಬರೀ, ಬೇಡಾಕ ಬಂದಾಕಿ ಅಂತ —